ಮುಳಬಾಗಿಲವಳ ಕೈಗವಸು

ಕುವೈಟಿನಲ್ಲಿ ನಾನು ಒಂಬತ್ತು ವರ್ಷ ಇದ್ದೆ. ಊರೆಲ್ಲ ನೋಡಿದೆಯಾ ಎಂದು ಕೇಳುತ್ತಾರೆ. ಇಲ್ಲ. ಎಂಟನೇ ಮಹಡಿಯ ಒಂದು ಅಡಿಗೆಮನೆ ನೋಡಿದೆ, ಅದರ ಕಿಟಕಿ ನೋಡಿದೆ. ಕಿಟಕಿಯಾಚೆ ಸಮುದ್ರವೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ಬಾವಿಯ ಹಾಗೆ ಒಂದು ಸಂದು. ನಾಲ್ಕು ಕಡೆ ಗೋಡೆ, ಗೋಡೆ ತುಂಬ ನೀರಿನ ಪೈಪು, ಮೇಲೆ ಟವೆಲಿನಷ್ಟು ಆಕಾಶ. ಎದುರಿಗೆ ಇನ್ನೊಬ್ಬರ ಅಡಿಗೆಮನೆಯ ಕಿಟಕಿ. ಕೈ ಚಾಚಿದರೆ ಸಿಗದು, ನೆಲ ಒರೆಸುವ ಕೋಲು ಚಾಚಿದರೆ ಸಿಗುತ್ತದೆ. ಅಷ್ಟು ದೂರ.

ಗಂಡ ಸತ್ತ ಮೇಲೆ ಹೋದೆ. ಮದನಪಲ್ಲಿಯ ಏಜೆಂಟು ಕಳಿಸಿದ. ನಮ್ಮ ಕಡೆಯ ಹೆಂಗಸರು ಹಾಗೆ ಹೋಗುವುದು ಹೊಸದೇನಲ್ಲ. ಅಳುತ್ತ ಹೋಗಲಿಲ್ಲ. ಇಲ್ಲಿ ಇನ್ನೊಬ್ಬರಿಗೆ ಬೇಯಿಸುತ್ತಿದ್ದೆ, ಅಲ್ಲೂ ಬೇಯಿಸುತ್ತೇನೆ ಎಂದುಕೊಂಡು ಹೋದೆ. ಮನೆಯೊಡತಿಯನ್ನು ಮಾಮಾ ಎಂದು ಕರೆಯಬೇಕು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನನ್ನ ಹೆಸರು ಅವಳ ನಾಲಿಗೆಗೆ ಹೊರಳಲಿಲ್ಲ. ಹಿಂದೆ ಆ ಮನೆಯಲ್ಲಿದ್ದ ಕೆಲಸದವಳ ಹೆಸರನ್ನೇ ನನಗೂ ಇಟ್ಟಳು. ಕೂಗಿದರೆ ಮೊದಮೊದಲು ನಾನು ತಿರುಗುತ್ತಿರಲಿಲ್ಲ, ಕಿವುಡಿ ಎಂದುಕೊಂಡಿದ್ದಳಂತೆ.

ಮೊದಲ ಎರಡು ವರ್ಷ ನಾನು ಗಟ್ಟಿಯಾಗಿ ಮಾತಾಡಿದ್ದು ಕಡಿಮೆ. ಅರಬ್ಬಿಯಲ್ಲಿ ನೀರು, ಉಪ್ಪು, ಬೇಗ, ಆಯಿತು, ಇಷ್ಟು ಬಂದರೆ ಸಾಕಾಗಿತ್ತು. ಶುಕ್ರವಾರ ಮಗಳಿಗೆ ಫೋನು. ಊಟ ಆಯ್ತಾ ಎನ್ನುತ್ತಿದ್ದಳು. ಆಯ್ತು ಎನ್ನುತ್ತಿದ್ದೆ. ಅಲ್ಲಿಗೆ ಫೋನು ಇಡುತ್ತಿದ್ದೆವು. ಬೇಸಿಗೆಯಲ್ಲಿ ಅಲ್ಲಿ ತಣ್ಣೀರಿನ ನಲ್ಲಿಯಲ್ಲೂ ಕುದಿಯುವ ನೀರು ಬರುತ್ತದೆ. ಬೆಳಿಗ್ಗೆ ಬಕೆಟ್ಟು ತುಂಬಿಟ್ಟು ಸಂಜೆ ಸ್ನಾನ ಮಾಡಬೇಕು. ಇದನ್ನು ಮಗಳಿಗೆ ಹೇಳಿದರೆ, "ಒಳ್ಳೇದಾಯ್ತಲ್ಲಮ್ಮ, ಸೌದೆ ಉಳೀತು" ಎಂದಳು. ಅವಳಿಗೆ ಹೇಳುವುದನ್ನು ಬಿಟ್ಟೆ.

ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. "ಥೂ, ನಿನ್ನ ಮನೆ ಹಾಳಾಗ" ಎಂದು ಒಲೆಗೆ ಬೈದೆ. ಎದುರು ಕಿಟಕಿಯಿಂದ ಒಂದು ದನಿ ಬಂತು.

"ಪಾಲು ಪೊಂಗಿಂದಾ?"

ಹಾಲು ಉಕ್ಕಿತಾ ಎಂದು ತೆಲುಗಿನಲ್ಲಿ ಕೇಳುತ್ತಿದ್ದಳು. "ಪೊಂಗಿಂದಿ" ಎಂದೆ.

"ಬೈಯ್ದಿದ್ದು ಕನ್ನಡದಲ್ಲಿ. ಯಾವೂರೇ ನಿಂದು?"

"ಶ್ರೀನಿವಾಸಪುರ."

"ಅಯ್ಯೋ ನಿನ್ನ! ನಂದು ಮುಳಬಾಗಿಲು ಕಣೇ. ಒಂದು ತಿಂಗಳಿಂದ ಇಲ್ಲೇ ನಿಂತಿದೀನಿ, ನಿನ್ನ ಬೆನ್ನು ನೋಡಿ ಮಲೆಯಾಳದವಳು ಅಂದ್ಕೊಂಡಿದ್ದೆ."

ತಲೆಗೆ ದುಪಟ್ಟಾ ಸುತ್ತಿದ ಸಾಬರ ಹೆಂಗಸು. ನನ್ನ ವಯಸ್ಸೇ. ಮುಂದಿನ ಎರಡು ಹಲ್ಲಿನ ನಡುವೆ ಸಂದು. ಅಂದಿನಿಂದ ಅವಳು ನನಗೆ ಮುಳಬಾಗಿಲು, ನಾನು ಅವಳಿಗೆ ಶ್ರೀನಿವಾಸಪುರ. ಹೆಸರು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ನಾನು ಹುಟ್ಟಿದ್ದು ಮಾಲೂರು ತಾಲ್ಲೂಕಿನ ಲಕ್ಕೂರು. ಮದುವೆಯಾಗಿ ಈ ಕಡೆ ಬಂದ ದಿನದಿಂದ ಎಲ್ಲರಿಗೂ ಲಕ್ಕೂರಮ್ಮ. ನಮ್ಮಲ್ಲಿ ಸೊಸೆಯನ್ನು ತೌರೂರಿನ ಹೆಸರು ಹಿಡಿದೇ ಕರೆಯುವುದು. ನನ್ನ ಅತ್ತೆಯ ಹೆಸರು ಏನೆಂದು ನನಗೆ ತಿಳಿದದ್ದು ಅವಳ ತಿಥಿಯ ಕಾರ್ಡು ಅಚ್ಚಾಗಿ ಬಂದಾಗ. ಊರು ಗೊತ್ತಾದರೆ ಆಳು ಗೊತ್ತಾದ ಹಾಗೆ. ಹಾಗೆ ಅಂದುಕೊಂಡೇ ಬದುಕಿದವಳು ನಾನು.

ನಾವು ಕೂತು ಮಾತಾಡಿದ್ದೇ ಇಲ್ಲ. ಅವಳು ಪಾತ್ರೆ ಉಜ್ಜುವಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ನಾನು ಅಕ್ಕಿ ಆರಿಸುವಾಗ ಅವಳು ಕೋಳಿ ತೊಳೆಯುತ್ತಿದ್ದಳು. ಕೈಗೆ ಕೆಲಸ ಇದ್ದರೆ ಬಾಯಿಗೆ ಮಾತು ಬರುತ್ತಿತ್ತು. ಆ ದೇಶದಲ್ಲಿ ಇರಲು ಬೇಕಾದ ಕಾರ್ಡು ಹೊಸದು ಮಾಡಿಸುವಾಗ ಎದೆಯ ಫೋಟೋ ತೆಗೆಯುತ್ತಾರಲ್ಲ, ಅದರಲ್ಲಿ ಮಚ್ಚೆ ಕಂಡರೆ ವಾಪಸು ಕಳಿಸುತ್ತಾರೆ ಎಂಬ ಭಯ ಇಬ್ಬರಿಗೂ. ಅವಳಿಗೆ ಲಿಫ್ಟಿನ ಭಯ ಬೇರೆ. ಕಸ ಹಾಕಲು ಎಂಟು ಮಹಡಿ ಇಳಿದು ಹತ್ತುತ್ತಿದ್ದಳು. ಅವಳ ಮಂಡಿ ಕಟಕಟ ಎನ್ನುತ್ತದೆ ಎಂದು ಹೇಳುತ್ತಿದ್ದಳು, ನಾನು ಆ ಮಂಡಿ ನೋಡಲಿಲ್ಲ. ಕಿಟಕಿಯಲ್ಲಿ ಎದೆಯ ಮಟ್ಟಕ್ಕಿಂತ ಕೆಳಗೆ ಕಾಣುತ್ತಿರಲಿಲ್ಲ. ಸೀನಿದರೆ ಎರಡೇ ಸಲ ಸೀನುತ್ತಿದ್ದಳು. ಟೀಗೆ ಬೆಲ್ಲ ಹಾಕುತ್ತಿದ್ದಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ದಿನ ತಾನೇ ಹೋಗಿ ಅವಳಿಗೆ ಬಳೆ ತೊಡಿಸಿ ಬಂದೆ ಎಂದು ಒಮ್ಮೆ ಹೇಳಿದಳು. ಯಾಕೆ ಎಂದೆ. "ಅವಳ ಕೈ ನೋಡ್ಬೇಕಿತ್ತು. ಕೆಲಸ ಮಾಡೋ ಕೈಯೋ ಅಲ್ವೋ ಅಂತ" ಎಂದಳು.

ಸಾಮಾನು ದಾಟಿಸುವುದು ನೆಲ ಒರೆಸುವ ಕೋಲಿನ ತುದಿಗೆ ಪ್ಲಾಸ್ಟಿಕ್ ಚೀಲ ನೇತುಹಾಕಿ. ಒಂದು ಸಲ ಇಂಡಿಯಾ ಅಂಗಡಿಯಿಂದ ರಾಗಿ ಹಿಟ್ಟು ತರಿಸಿ ಮುದ್ದೆ ಮಾಡಿದೆ. ಅವಳಿಗೆ ಒಂದು ಕಟ್ಟಿ ಕೋಲು ಚಾಚಿದೆ. ಚೀಲ ಹರಿಯಿತು. ಬಿಸಿ ಮುದ್ದೆ ಎಂಟು ಮಹಡಿ ಕೆಳಗೆ ಹೋಗಿ ಯಾರದೋ ಏಸಿ ಡಬ್ಬದ ಮೇಲೆ ಧೊಪ್ಪೆಂದು ಬಿತ್ತು. ಕಾವಲುಗಾರ ಕೆಳಗಿಂದ ಅರಬ್ಬಿಯಲ್ಲಿ ಬೈಯತೊಡಗಿದ. ಇಬ್ಬರೂ ಕಿಟಕಿ ಹಾಕಿಕೊಂಡೆವು. ಗಾಜಿನಾಚೆ ಅವಳು ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದಳು.

ಜಗಳವೂ ಆಯಿತು. ಶ್ರೀನಿವಾಸಪುರದ ಮಾವು ಬರೀ ಹುಳಿ, ಲಾರಿ ತುಂಬೋಕೆ ಲಾಯಕ್ಕು ಎಂದಳು. ನಿಮ್ಮೂರಿನ ದೋಸೆ ಹಿಂಡಿದರೆ ದೀಪಕ್ಕೆ ಎಣ್ಣೆ ಆಗುತ್ತೆ ಎಂದೆ. ಒಂಬತ್ತು ದಿನ ಮಾತಿಲ್ಲ. ಹತ್ತನೇ ದಿನ ನಾನು ಸಾರು ಕುದಿಸುತ್ತಿದ್ದೆ. ಮಾಮಾ ಬೇಡವೆಂದು ಕೊಟ್ಟಿದ್ದ ತಾಮ್ರದ ಹಳೆ ಪಾತ್ರೆ ಅದು. ಅವಳೇ ಕೂಗಿದಳು.

"ಏ ಶ್ರೀನಿವಾಸಪುರ, ಆ ಪಾತ್ರೆ ಬಗ್ಗಿಸಿ ತೋರ್ಸು. ಒಳಗೆ ಬೆಳ್ಳಗಿದೆಯಾ?"

"ಇಲ್ಲ, ಕೆಂಪಗಿದೆ. ಏನೀಗ?"

"ಕಲಾಯಿ ಹೋಗಿದೆ ಕಣೇ. ಹುಣಸೆಹುಳಿ ಬೇರೆ ಹಾಕಿದೀಯ. ಕಿಲುಬು ತಿಂದು ಸಾಯ್ತೀಯ. ಚೆಲ್ಲು ಮೊದ್ಲು."

ಚೆಲ್ಲಿದೆ. ಮಾತು ಮತ್ತೆ ಶುರುವಾಯಿತು. ಆಗ ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಹೀಗೆ ಸುಮಾರು ಏಳು ವರ್ಷ. ಫೋನ್ ನಂಬರು ಕೊಡೇ ಎಂದು ಒಮ್ಮೆ ಕೇಳಿದ್ದೆ. ಅವಳ ಹತ್ತಿರ ಫೋನು ಇರಲಿಲ್ಲ. ಶುಕ್ರವಾರ ಅವಳ ಮಾಮಾಳ ಫೋನಿನಿಂದ ಊರಿಗೆ ಮಾತಾಡುತ್ತಿದ್ದಳು. "ನಂಬರು ಯಾಕೆ, ಕೋಲಿಗೆ ಸಿಗೋ ಹಂಗಿದೀಯ" ಎಂದಳು.

ಕೊನೆಗೆ ನನ್ನ ಮಾಮಾ, ನಿನಗೆ ವಯಸ್ಸಾಯಿತು, ಕೈ ನಿಧಾನ, ಈ ಸಲ ಕಾರ್ಡು ಮಾಡಿಸುವುದಿಲ್ಲ ಎಂದಳು. ಸುಳ್ಳೇನಲ್ಲ. ಹೊರಡಲು ನಾಲ್ಕು ದಿನ ಇರುವಾಗ ಮುಳಬಾಗಿಲವಳು ಕೋಲಿಗೆ ಒಂದು ಪೊಟ್ಟಣ ಕಟ್ಟಿ ಚಾಚಿದಳು. ಬಿಚ್ಚಿದರೆ ಒಂದು ಜೊತೆ ಕೈಗವಸು. ಒಲೆಯೊಳಗಿಂದ ಬಿಸಿ ತಟ್ಟೆ ತೆಗೆಯುತ್ತಾರಲ್ಲ, ಅಂಥ ದಪ್ಪನೆಯ ಗ್ಲೌಸು. ಮೇಲೆಲ್ಲ ಕೆಂಪು ಗುಲಾಬಿ ಹೂವು.

"ನನ್ನ ತಮ್ಮನಿಗೆ ಕೊಡೇ. ಕೈಯೆಲ್ಲ ಸುಟ್ಕೊಂಡು ಕೂತಿರ್ತಾನೆ. ಮನೆ ಎಲ್ಲಿ ಅಂದ್ರೆ..."

ಕುಕ್ಕರು ಕೂಗುತ್ತಿತ್ತು. ಮಾಮಾ ಒಳಗಿಂದ ಕರೆಯುತ್ತಿದ್ದಳು.

"ನಾಳೆ ಹೇಳೇ, ಕುಕ್ಕರ್ ಕೂಗ್ತಾ ಇದೆ" ಎಂದೆ.

ಮಾರನೇ ದಿನ ಎದುರು ಕಿಟಕಿ ಮುಚ್ಚಿತ್ತು. ಅದರ ಮಾರನೇ ದಿನವೂ. ಮೂರನೇ ದಿನ ಕಿಟಕಿ ತೆರೆಯಿತು, ಬೇರೆ ಯಾರೋ ಚಿಕ್ಕ ವಯಸ್ಸಿನವಳು ನಿಂತಿದ್ದಳು. ಮುಳಬಾಗಿಲು ಎಲ್ಲಿ ಎಂದೆ. ಅವಳ ಭಾಷೆ ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು. ನಕ್ಕು ಕೈ ಅಲ್ಲಾಡಿಸಿದಳು. ಕೆಳಗೆ ಹೋಗಿ ಕಾವಲುಗಾರನನ್ನು ಕೇಳಿದೆ. ಹೆಸರೇನು ಎಂದ. ನಾನು ಎಂಟನೇ ಮಹಡಿಯ ಕಡೆ ಬೆರಳು ತೋರಿಸುತ್ತ ನಿಂತೆ. ಆ ಮನೆಯವರು ಖಾಲಿ ಮಾಡಿದರು, ಎಲ್ಲಿಗೋ ಗೊತ್ತಿಲ್ಲ ಎಂದ.

ವಿಮಾನಕ್ಕೆ ಹಾಕಿದ ನನ್ನ ರಟ್ಟಿನ ಪೆಟ್ಟಿಗೆಯ ನಾಲ್ಕು ಮಗ್ಗುಲಿಗೂ ನನ್ನ ಹೆಸರು, ಊರು, ತಾಲ್ಲೂಕು, ಜಿಲ್ಲೆ ದಪ್ಪಗೆ ಬರೆಸಿದ್ದೆ. ಒಳಗೆ ಅವಳ ಕೈಗವಸು. ಅದಕ್ಕೆ ಹೆಸರೂ ಇಲ್ಲ, ವಿಳಾಸವೂ ಇಲ್ಲ.

ಶ್ರೀನಿವಾಸಪುರದಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು ಬಟ್ಟೆ ಹೊಲಿಯುತ್ತಾಳೆ, ಮಾವಿನ ಕಾಲದಲ್ಲಿ ಮಂಡಿಯಲ್ಲಿ ಕಾಯಿ ಆರಿಸಲು ಹೋಗುತ್ತಾಳೆ. ಅಳಿಯ ಗಾಡಿ ಓಡಿಸುತ್ತಾನೆ. ಕೆಟ್ಟವರಲ್ಲ. ಊಟಕ್ಕೆ ಕರೆಯುತ್ತಾರೆ, ಮಾತ್ರೆ ನುಂಗಿದೆಯಾ ಎಂದು ಕೇಳುತ್ತಾರೆ. ಹ್ಞೂ ಎಂದರೆ ಮಾತು ಮುಗಿಯಿತು. ನಾನು ಕುವೈಟಿನ ಸುದ್ದಿ ತೆಗೆದರೆ, ಹೇಳಿದ್ದೀಯಮ್ಮ ಎನ್ನುತ್ತಾರೆ. ಹೇಳಿರುತ್ತೇನೆ ಕೂಡ. ಇಲ್ಲಿನ ಅಡಿಗೆಮನೆಗೂ ಕಿಟಕಿ ಇದೆ. ತೆರೆದರೆ ಪಕ್ಕದ ಮನೆಯ ಗೋಡೆ. ಬರೀ ಗೋಡೆ.

ಕೈಗವಸು ಟ್ರಂಕಿನಲ್ಲಿ ಒಂದು ವರ್ಷ ಇತ್ತು. ಮಗಳು ನೀನೇ ಇಟ್ಟುಕೋ ಎಂದಳು. ಅದು ಆಗುವುದಿಲ್ಲ. ಅವಳು ಅಲ್ಲೆಲ್ಲೋ ನಿಂತು, ಶ್ರೀನಿವಾಸಪುರ ನನ್ನ ತಮ್ಮನ ಸಾಮಾನು ನುಂಗಿಹಾಕಿದಳು ಎಂದುಕೊಂಡಿರುತ್ತಾಳೆ. ನನ್ನನ್ನು ಕಳ್ಳಿ ಅಂದುಕೊಂಡು ಸಾಯಬಾರದು. ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಇಷ್ಟು ವರ್ಷದ ಬದುಕಿನಲ್ಲಿ ನಾನು ಮಾತಾಡಿದ್ದು ಅಂತ ಇದ್ದರೆ ಅವಳ ಜೊತೆ. ಅವಳು ಎಲ್ಲಿದ್ದಾಳೆ ಎಂಬುದು ನನಗೆ ಬೇಕಿತ್ತು.

"ಹೆಸರು ಗೊತ್ತಿಲ್ಲ, ಬೀದಿ ಗೊತ್ತಿಲ್ಲ. ಹೋಗಿ ಏನಂತ ಕೇಳ್ತೀಯಮ್ಮ? ಕುವೈಟಿನ ಕಿಟಕಿಯವಳ ಮನೆ ಎಲ್ಲಿ ಅಂತಾನಾ?" ಎಂದಳು ಮಗಳು.

"ಹ್ಞೂ, ಹಂಗೇ ಕೇಳ್ತೀನಿ."

ಒಂದು ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿ ಮುಳಬಾಗಿಲಿಗೆ ಹೋದೆ. ಗ್ಲೌಸು ಒಲೆಯದು, ಕೈ ಸುಟ್ಟುಕೊಳ್ಳುವವನು ಎಂದರೆ ಬೇಕರಿಯವನೇ ಎಂದು ನನ್ನ ಲೆಕ್ಕ. ಮೊದಲನೇ ಬೇಕರಿಯಲ್ಲಿ ಕೇಳಿದೆ.

"ಕುವೈಟಲ್ಲಿ ಅಕ್ಕ ಇರೋರು ಈ ಊರಲ್ಲಿ ಎಷ್ಟೋ ಜನ ಇದಾರಜ್ಜಿ. ಹೆಸರು ಹೇಳು."

"ಗೊತ್ತಿಲ್ಲ."

"ನೋಡೋಕೆ ಎತ್ತರಾನೋ, ಕುಳ್ಳೀನೋ?"

"ಎದೆ ಮಟ್ಟ ಮಾತ್ರ ನೋಡಿದೀನಿ."

ಬನ್ನು ತಿನ್ನುತ್ತ ನಿಂತಿದ್ದವರೆಲ್ಲ ನಕ್ಕರು. ನಗುವ ಮಾತೇ, ನಗಲಿ. ಎರಡನೇ ಬೇಕರಿಯವನು ಗ್ಲೌಸಿನೊಳಗೆ ಕೈ ತೂರಿಸಿ ಹೂವು ನೋಡಿದ. "ಇದನ್ನ ಹಾಕ್ಕೊಂಡು ಬನ್ ತೆಗೆದ್ರೆ ನನ್ನ ಹೆಂಡ್ತಿ ಮನೆ ಒಳಕ್ಕೆ ಸೇರ್ಸಲ್ಲ" ಎಂದು ವಾಪಸು ಕೊಟ್ಟ. ಮೂರನೆಯವನು, ತಗೊಳ್ಳೋದಾದ್ರೆ ತಗೋ, ಇಲ್ಲಾಂದ್ರೆ ಪಕ್ಕಕ್ಕೆ ನಿಲ್ಲು ಎಂದ. ಪಕ್ಕಕ್ಕೆ ನಿಂತೆ. ಅವಳ ಬಗ್ಗೆ ನನಗೆ ಏನೆಲ್ಲ ಗೊತ್ತಿತ್ತು. ಅವಳ ಮೊದಲ ಮಗು ಯಾವ ಕಾಯಿಲೆಯಲ್ಲಿ ಹೋಯಿತು ಎಂಬುದು ಗೊತ್ತು. ಸುಳ್ಳು ಹೇಳುವಾಗ ಸೆರಗು ಸರಿ ಮಾಡಿಕೊಳ್ಳುವ ಹಾಗೆ ದುಪಟ್ಟಾ ಎಳೆದುಕೊಳ್ಳುತ್ತಾಳೆ ಎಂಬುದು ಗೊತ್ತು. ಊರವರು ಕೇಳುವ ಹೆಸರು, ಬೀದಿ ಮಾತ್ರ ಗೊತ್ತಿಲ್ಲ.

ವಾಪಸು ಹೋಗೋಣ ಎಂದು ಬಸ್‌ ಸ್ಟ್ಯಾಂಡಿನ ಕಡೆ ಒಂದು ಗಲ್ಲಿಯಲ್ಲಿ ನಡೆಯುತ್ತಿದ್ದೆ. ಮೂಗಿಗೆ ಘಾಟು ಹೊಡೆಯಿತು. ನವಸಾಗರದ ಹೊಗೆ. ಚಿಕ್ಕವಳಿದ್ದಾಗ ಲಕ್ಕೂರಿಗೆ ಕಲಾಯಿ ಸಾಬರು ಬಂದು ಮರದ ಕೆಳಗೆ ಪಾತ್ರೆಗೆ ತವರ ಬಳಿಯುತ್ತಿದ್ದಾಗ ಇದೇ ಹೊಗೆ ಏಳುತ್ತಿತ್ತು. ನಿಂತೆ. ಒಳಗೆ ಬೆಳ್ಳಗಿದೆಯಾ, ಕಲಾಯಿ ಹೋಗಿದೆ, ಚೆಲ್ಲು ಮೊದ್ಲು. ಪಾತ್ರೆಯ ಒಳಗು ನೋಡಿ ಅಷ್ಟು ಭಯ ಬೀಳುವವಳು ಎಂಥ ಮನೆಯಲ್ಲಿ ಬೆಳೆದಿರಬೇಕು! ಬೇಕರಿ ಅಲ್ಲವೇ ಅಲ್ಲ. ನನ್ನ ಬುದ್ಧಿಗಿಷ್ಟು.

ಒಂದು ಮುರುಕು ಜಗುಲಿ. ನೆಲದಲ್ಲಿ ಕುಳಿ, ಕುಳಿಯಲ್ಲಿ ಇದ್ದಿಲಿನ ಕೆಂಡ. ಅರವತ್ತರ ಹತ್ತಿರದ ಗಂಡಸು ಇಕ್ಕಳದಲ್ಲಿ ಹಿತ್ತಾಳೆ ಹಂಡೆ ಹಿಡಿದು, ಅರಿವೆಯಿಂದ ಒಳಗೆ ತವರ ಸವರುತ್ತಿದ್ದ. ಬೆರಳುಗಳೆಲ್ಲ ಸುಟ್ಟ ಕಲೆ. ಅವನು ತಲೆ ಎತ್ತಿದ. ಮುಂದಿನ ಎರಡು ಹಲ್ಲಿನ ನಡುವೆ ಸಂದು.

"ಪಾತ್ರೆ ಎಲ್ಲಮ್ಮಾ?"

"ಪಾತ್ರೆ ತಂದಿಲ್ಲ. ನಿಮಗೆ ಕುವೈಟಲ್ಲಿ ಒಬ್ಬಳು ಅಕ್ಕ ಇದಾಳಾ?"

ಅವನ ಮುಖ ಸಪ್ಪಗಾಯಿತು. ಹಂಡೆ ಕೆಳಗಿಟ್ಟ. "ಇದಾಳೆ. ಯಾಕೆ, ಏನಾಯ್ತು?"

"ಏನೂ ಆಗಿಲ್ಲ. ಸೀನಿದ್ರೆ ಎರಡೇ ಸಲ ಸೀನ್ತಾಳಾ?"

"ಎರಡೇ ಸಲ. ಮೂರನೇದು ಬರೋದೇ ಇಲ್ಲ." ಅವನು ನನ್ನನ್ನೇ ನೋಡಿದ. "ಅರೇ, ನೀವು ಶ್ರೀನಿವಾಸಪುರಾನಾ?"

ಹೌದು ಎಂದೆ.

"ಯಾ ಅಲ್ಲಾ! ನಿಮ್ಮನ್ನ ಹುಡುಕ್ಕೊಂಡು ಮಾವಿನ ಕಾಲದಲ್ಲಿ ಎರಡು ಸಲ ಬಂದಿದ್ದೆ ಅಮ್ಮಾ. ಅಕ್ಕ ಕಳ್ಸಿದ್ಲು. ಮಂಡೀಲಿ ಕೇಳ್ದೆ. ಹೆಸರೇನು ಅಂದ್ರು, ಶ್ರೀನಿವಾಸಪುರ ಅಂದೆ. ಶ್ರೀನಿವಾಸಪುರದಲ್ಲಿ ನಿಂತ್ಕೊಂಡು ಶ್ರೀನಿವಾಸಪುರಾನ ಹುಡುಕ್ತೀಯೇನಯ್ಯಾ ಅಂತ ನಕ್ಕು ಕಳ್ಸಿದ್ರು."

ಕೈಗವಸು ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದ. ಹಾಕಿಕೊಂಡ. ಇಕ್ಕಳ ಹಿಡಿಯಲು ಹೋದ, ಆಗಲಿಲ್ಲ. ಅರಿವೆ ಹಿಡಿಯಲು ಹೋದ, ಬೆರಳಿಗೆ ಅರಿವೆಯ ಅಂದಾಜೇ ಸಿಗಲಿಲ್ಲ. ಈ ಕೆಲಸಕ್ಕೆ ಬೆರಳ ತುದಿಗೆ ಬಿಸಿ ಗೊತ್ತಾಗಬೇಕಂತೆ, ಇಲ್ಲದಿದ್ದರೆ ತವರ ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗುತ್ತದಂತೆ. ತೆಗೆದು ಗೋಡೆಯ ಮೊಳೆಗೆ ನೇತುಹಾಕಿದ. ಮಸಿ ಹಿಡಿದ ಗೋಡೆಯ ಮೇಲೆ ಎರಡು ಕೈ ತುಂಬ ಗುಲಾಬಿ.

ಅಕ್ಕನ ಹೆಸರು ಹೇಳಿದ. ಎಲ್ಲರ ಮನೆಯಲ್ಲೂ ಇರುವಂಥ ಹೆಸರು. ನಾಲ್ಕು ಸಲ ಬಾಯಲ್ಲಿ ಅಂದು ನೋಡಿದೆ, ಅವಳಿಗೆ ಅಂಟಲಿಲ್ಲ.

"ನಮಾಜ್ ಮುಗಿಸಿ ಬರ್ತೀನಿ. ಆಮೇಲೆ ಅವಳ ಫೋನು ಬರುತ್ತೆ. ಕೆಂಡ ಆರದ ಹಂಗೆ ನೋಡ್ಕೊಳ್ತೀರಾ?" ಎಂದು ಹೋದ. ಕೆಂಡಕ್ಕೆ ಗಾಳಿ ಊದುವ ತಿದಿಯ ಹಿಡಿ ಎಳೆಯುತ್ತ ಕೂತೆ. ಅಷ್ಟು ಹೊತ್ತಿನಲ್ಲಿ ಏನು ಮಾತಾಡಬೇಕು ಎಂದು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಮಾತು ಬರುತ್ತದೆ ಎಂದುಕೊಂಡಿದ್ದೆ.

ಅವನು ಬಂದ ಮೇಲೆ ಫೋನು ಬಂತು. ಏನೋ ಸಾಬರ ಭಾಷೆಯಲ್ಲಿ ಹೇಳಿ ನನ್ನ ಕೈಗೆ ಕೊಟ್ಟ.

"ಏನೇ ಮುಳಬಾಗಿಲು?"

"ಯಾರೂ? ಶ್ರೀನಿವಾಸಪುರಾನಾ? ಸತ್ತೋದೆ ಅಂದ್ಕೊಂಡಿದ್ದೆ ಕಣೇ!"

"ನೀನು ಸತ್ತೆ ಅಂದ್ಕೊಂಡಿದ್ದೆ ನಾನು. ಹೇಳ್ದೆ ಕೇಳ್ದೆ ಎಲ್ಲಿಗೆ ಹೋದೆ?"

"ಮಾಮಾ ಬೆಳಿಗ್ಗೆ ಎದ್ದು ಸಾಮಾನು ಕಟ್ಟು ಅಂದ್ಲು, ಮಧ್ಯಾಹ್ನಕ್ಕೆ ಬೇರೆ ಮನೆ. ಕಿಟಕಿಗೆ ಬಂದು ಕೂಗ್ದೆ. ನೀನು ಇರಲಿಲ್ಲ."

ಅಂದು ಬೆಳಿಗ್ಗೆ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ ನಾನು ಒಳಗಿನ ಕೋಣೆಯಲ್ಲಿದ್ದೆ. ಅದನ್ನು ಹೇಳಲಿಲ್ಲ.

"ಈಗಿನ ಮನೆ ಅಡಿಗೆಮನೇಲಿ ಕಿಟಕಿ ಇದೆಯಾ?"

"ಇಲ್ಲ. ಹೊಗೆ ಎಳೆಯೋ ಫ್ಯಾನು ಇದೆ. ಅದರ ಜೊತೇನೇ ಮಾತು. ಅದೂ ಬರೀ ಹ್ಞೂ ಹ್ಞೂ ಅನ್ನುತ್ತೆ." ನಕ್ಕಳು. "ಗ್ಲೌಸು ಹಾಕ್ಕೊಂಡ್ನಾ ಅವ್ನು?"

ಮೊಳೆಯ ಕಡೆ ನೋಡಿದೆ. "ಹಾಕ್ಕೊಂಡೇ ಕೂತಿದಾನೆ. ಮದುವೆ ಗಂಡಿನ ಥರ ಕಾಣ್ತಿದಾನೆ" ಎಂದೆ.

ಆಮೇಲೆ ಮಂಡಿ ಹೇಗಿದೆ ಎಂದೆ. ಇದೆ ಎಂದಳು. ಊಟ ಆಯ್ತಾ ಎಂದಳು. ಆಯ್ತು ಎಂದೆ. ನನಗೆ ನನ್ನ ಮಗಳ ಜೊತೆ ಮಾತಾಡಿದ ಹಾಗಾಯಿತು. ಅವಳ ಮಾಮಾ ಫೋನು ವಾಪಸು ಕೇಳುತ್ತಿದ್ದಳು. ನನ್ನ ನಂಬರು ಹೇಳಿದೆ. ಇಟ್ಟಳು.

ಈಗ ಮೂರು ನಾಲ್ಕು ವಾರಕ್ಕೊಮ್ಮೆ ನನಗೂ ಅವಳ ಫೋನು ಬರುತ್ತದೆ. ಅವಳ ತಮ್ಮ ಅಕ್ಕನಿಗೆ ಒಂದು ಫೋನು ಕೊಡಿಸಿದ್ದಾನೆ, ಮಾಮಾ ಒಪ್ಪಿದ್ದಾಳಂತೆ. ಆದರೂ ಮಾತು ಬೇಗ ಮುಗಿಯುತ್ತದೆ. ಫೋನಿನಲ್ಲಿ ಮಾತಿಗೆ ಮಾತೇ ಕೊಡುತ್ತಿರಬೇಕು. ನಮಗೆ ಅದು ಗೊತ್ತಿಲ್ಲ. ಹೋದ ಶುಕ್ರವಾರ ನಾನೇ ಹೇಳಿದೆ, "ಏ ಮುಳಬಾಗಿಲು, ಮಾತು ಬೇಡ. ಫೋನು ಹಂಗೇ ಇಟ್ಟು ನಿನ್ನ ಪಾತ್ರೆ ಉಜ್ಜು."

ನಾನು ಅವರೆಕಾಳು ನೆನೆಹಾಕಿದ್ದೆ. ಫೋನನ್ನು ಮೊರದ ಪಕ್ಕ ಇಟ್ಟು ಕಾಳು ಹಿಸುಕತೊಡಗಿದೆ. ಆ ಕಡೆ ನಲ್ಲಿ ಸುರಿಯಿತು. ತಟ್ಟೆಗೆ ತಟ್ಟೆ ತಾಗಿತು. ಒಂದು ಸಲ ಸೀನಿದಳು, ಇನ್ನೊಂದು ಸಲ ಸೀನಿದಳು. "ಹೊಸ ಕೆಲಸದವಳು ಬಂದಿದಾಳೆ ಕಣೇ, ಉಪ್ಪು ಯಾವ್ದು ಸಕ್ಕರೆ ಯಾವ್ದು ಗೊತ್ತಿಲ್ಲ" ಎಂದಳು. ನಾನು ನಾಲ್ಕು ಕಾಳು ಹಿಸುಕಿದ ಮೇಲೆ, "ನಿನಗೂ ಮೊದ್ಲು ಗೊತ್ತಿರಲಿಲ್ಲ" ಎಂದೆ. ಮತ್ತೆ ನೀರಿನ ಸದ್ದು. ಅರ್ಧ ಮೊರ ಆಗಿತ್ತು.

ಮಗಳು ಹೊಲಿಗೆ ಬಿಟ್ಟು ಒಳಗೆ ಬಂದಳು. ಫೋನು ಎತ್ತಿ ನೋಡಿದಳು.

"ಏನಮ್ಮ, ಮಾತು ಮುಗಿದ ಮೇಲೆ ಆಫ್ ಮಾಡೋದು ಗೊತ್ತಾಗಲ್ವಾ ನಿಂಗೆ?" ಎಂದು ಆಫ್ ಮಾಡಿ ಗೂಡಿನಲ್ಲಿಟ್ಟಳು.